‘ತುಂಬಾ ಕಷ್ಟ’ ಅಂತ ಬರೆದವರ ಮೇಲೆ ರೇಗಿದ್ದೆ, ತಪ್ಪು ನನ್ನದೇ ಇತ್ತು (ಜಾಮ್ ಗೇಮ್‌ಗಳ ಫೀಡ್‌ಬ್ಯಾಕ್ ಬಗ್ಗೆ)

ನಿದ್ದೆಗೆಟ್ಟ_ಕೋಡಿಗ

ಹೋದ ಗೇಮ್ ಜಾಮ್‌ನಲ್ಲಿ (ಗಡುವಿನೊಳಗೆ ಗೇಮ್ ಮಾಡಿ, ಆಮೇಲೆ ಒಬ್ಬರದ್ದನ್ನು ಒಬ್ಬರು ಆಡುವ ಕೂಟ) 48 ಗಂಟೆಯೊಳಗೆ ಒಂದು ಪುಟ್ಟ ಪ್ಲಾಟ್‌ಫಾರ್ಮರ್, ಅಂದರೆ ಓಡುತ್ತಾ ಹಾರುತ್ತಾ ದಾಟುವ ಗೇಮ್, ಮಾಡಿದೆ. ಒಬ್ಬನೇ. ಕತ್ತಲೆ ಗುಹೆ, ಕೈಯಲ್ಲಿ ಮೇಣದಬತ್ತಿ ಹಿಡಿದ ಒಬ್ಬ ಪುಟಾಣಿ. ಬತ್ತಿ ಕರಗುತ್ತಾ ಹೋಗುತ್ತದೆ. ಆರುವ ಮೊದಲು ಮುಂದಿನ ದೀಪದ ಕಂಬ ಮುಟ್ಟಬೇಕು. ಅಷ್ಟೇ ಆಟ.

17 ಕಮೆಂಟ್ ಬಂದವು. ಬಹುತೇಕ ಎಲ್ಲರೂ ಚೆನ್ನಾಗಿದೆ ಎಂದರು. ಮೂವರು ಮಾತ್ರ ತಕರಾರು ತೆಗೆದರು. ಒಬ್ಬರು ‘ತುಂಬಾ ಕಷ್ಟ’ ಎಂದು ಬರೆದು ಸುಮ್ಮನಾದರು. ಇನ್ನೊಬ್ಬರು ‘ಎರಡನೇ ದೀಪವನ್ನು ಹತ್ತಿರ ಇಡಿ’ ಎಂದರು. ಮತ್ತೊಬ್ಬರು ‘ಜೀವ ಜಾಸ್ತಿ ಕೊಡಿ’ ಎಂದರು. ನಾನು ಮಹಾ ಬುದ್ಧಿವಂತನ ಹಾಗೆ ಮೂವರಿಗೂ ಒಂದೇ ಉತ್ತರ ಅಂಟಿಸಿದೆ: ‘ಬೇರೆಯವರೆಲ್ಲ ದಾಟಿದ್ದಾರಲ್ಲ, ಸ್ವಲ್ಪ ತಾಳ್ಮೆಯಿಂದ ಆಡಿ ನೋಡಿ.’

ಐದನೇ ದಿನ ನಾಲ್ಕನೆಯವರು ಬಂದು ಹೀಗೆ ಬರೆದರು: ‘ನೀವು ಹಾಕಿರುವ ವಿಡಿಯೋದಲ್ಲಿ ಬತ್ತಿ 24 ಸೆಕೆಂಡ್ ಉರಿಯುತ್ತದೆ. ನನ್ನ ಹತ್ತಿರ 10 ಸೆಕೆಂಡಿಗೇ ಆರಿಹೋಗುತ್ತದೆ. ನನ್ನದು 144 ಹರ್ಟ್ಜ್ ಮಾನಿಟರ್, ಅದಕ್ಕೇ ಇರಬಹುದಾ?’

ಓದಿದ ಕೂಡಲೇ ಎದೆ ಧಸಕ್ ಎಂದಿತು. ಓಡುವುದು, ಹಾರುವುದನ್ನೆಲ್ಲ ಎಂಜಿನ್ (ಗೇಮ್ ಕಟ್ಟುವ ಸಾಫ್ಟ್‌ವೇರ್) ನೋಡಿಕೊಳ್ಳುತ್ತಿತ್ತು. ಬತ್ತಿಯ ಲೆಕ್ಕ ಮಾತ್ರ ನಾನು ಬರೆದದ್ದು, ರಾತ್ರಿ ಮೂರು ಗಂಟೆಗೆ. ಪ್ರತಿ ಫ್ರೇಮಿಗೆ, ಅಂದರೆ ಸ್ಕ್ರೀನ್ ಮೇಲೆ ಮೂಡುವ ಒಂದೊಂದು ಚಿತ್ರಕ್ಕೆ, ಇಷ್ಟು ಕರಗಲಿ ಎಂದು ಬರೆದಿದ್ದೆ. ಡೆಲ್ಟಾ ಟೈಮ್‌ನಿಂದ (ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಹಿಡಿದ ಸಮಯ) ಗುಣಿಸುವುದು ಮರೆತೇ ಹೋಗಿತ್ತು. ನನ್ನ ಸ್ಕ್ರೀನ್ 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಫ್ರೇಮ್. 144ನ್ನು 60ರಿಂದ ಭಾಗಿಸಿ, 2.4 ಬರುತ್ತದೆ. 24 ಸೆಕೆಂಡಿನ ಬತ್ತಿ ಅವರಿಗೆ 10 ಸೆಕೆಂಡ್. ಮೊದಲ ದೀಪದಿಂದ ಎರಡನೆಯದಕ್ಕೆ ನಾನೇ ಓಡಿದರೂ 14 ಸೆಕೆಂಡ್ ಬೇಕು. ಅವರು ದೇವರಾಣೆ ದಾಟಲು ಸಾಧ್ಯವಿರಲಿಲ್ಲ.

ಆಮೇಲೆ ತಲೆ ಕೊರೆದದ್ದು ಬೇರೆ ವಿಷಯ. ನಾಲ್ವರೂ ಹೇಳಿದ್ದು ಒಂದೇ ಬಗ್ ಬಗ್ಗೆ. ಮೊದಲ ಮೂವರ ಮಾತನ್ನು ಕೇಳಿ ದೀಪವನ್ನು ಹತ್ತಿರ ಇಟ್ಟಿದ್ದರೆ ಉಳಿದವರಿಗೆ ಆಟವೇ ಸಪ್ಪೆಯಾಗುತ್ತಿತ್ತು, ಬಗ್ ಅಲ್ಲೇ ಇರುತ್ತಿತ್ತು. ನಾಲ್ಕನೆಯವರು ಪರಿಹಾರ ಹೇಳಲೇ ಇಲ್ಲ. ತಮಗೆ ಏನಾಯಿತು ಎನ್ನುವುದನ್ನಷ್ಟೇ ಹೇಳಿದರು. ಕೆಲಸಕ್ಕೆ ಬಂದದ್ದು ಅದು.

ನೀವೆಲ್ಲ ಹೇಗೆ ಬರೆಯುತ್ತೀರಿ? ಬಂದದ್ದನ್ನು ಹೇಗೆ ತಗೊಳ್ಳುತ್ತೀರಿ?

ಬಗ್‌ಬೇಟೆ

ಫ್ರೇಮ್ ಲೆಕ್ಕದ ಬಗ್! ಇದಕ್ಕೆ ಬೀಳದವರು ಯಾರಿದ್ದಾರೆ ಹೇಳಿ. ನಾನು ಎರಡು ಸಲ ಬಿದ್ದಿದ್ದೇನೆ.

ನಾನು ಜಾಮ್ ಮುಗಿದ ಮೇಲೆ ದಿನಕ್ಕೆ ನಾಲ್ಕೈದು ಗೇಮ್ ಆಡುತ್ತೇನೆ. ಬರೆಯುವಾಗ ಮೊದಲ ಸಾಲಿನಲ್ಲೇ ಬ್ರೌಸರ್ ಯಾವುದು, ಮೌಸ್ ಇತ್ತೋ ಟಚ್‌ಪ್ಯಾಡೋ, ಎಷ್ಟು ಹೊತ್ತು ಆಡಿದೆ, ಎಲ್ಲಿ ಬಿಟ್ಟೆ ಎಂದು ಹಾಕಿಬಿಡುತ್ತೇನೆ. ಸಾಕ್ಷಿ ಹೇಳುವವರ ಹಾಗೆ, ನ್ಯಾಯಾಧೀಶರ ಹಾಗಲ್ಲ.

ಒಂದು ಗೇಮ್‌ನಲ್ಲಿ ಕಾವಲುಗಾರರ ಕಣ್ಣು ತಪ್ಪಿಸಿ ನಡೆಯಬೇಕು. ಕಂಟ್ರೋಲ್ ಒತ್ತಿದರೆ ಬಗ್ಗುತ್ತಾನೆ, ಡಬ್ಲ್ಯೂ ಒತ್ತಿದರೆ ಮುಂದೆ ಹೋಗುತ್ತಾನೆ. ಎರಡೂ ಒಟ್ಟಿಗೆ ಒತ್ತಿದೆ. ಟ್ಯಾಬೇ ಮುಚ್ಚಿಹೋಯಿತು! ಬ್ರೌಸರ್‌ನಲ್ಲಿ ಕಂಟ್ರೋಲ್ ಡಬ್ಲ್ಯೂ ಅಂದರೆ ಅದೇ ತಾನೇ. ಮಾಡಿದವರು ಡೌನ್‌ಲೋಡ್ ಆವೃತ್ತಿಯಲ್ಲೇ ಪರೀಕ್ಷೆ ಮಾಡಿದ್ದರು, ಅವರಿಗೆ ಗೊತ್ತೇ ಇರಲಿಲ್ಲ. ನನಗಿಂತ ಮೊದಲು ಆರು ಜನ ‘ಗೇಮ್ ಕ್ರ್ಯಾಶ್ ಆಯ್ತು’ ಎಂದಷ್ಟೇ ಬರೆದಿದ್ದರು. ಪಾಪ, ಗೇಮ್ ಮಾಡಿದವರು ಎರಡು ದಿನದಿಂದ ಮೆಮೊರಿ ಸೋರಿಕೆ (ಬಳಸಿದ ಮೆಮೊರಿಯನ್ನು ಗೇಮ್ ವಾಪಸ್ ಬಿಡದಿರುವ ಬಗ್) ಹುಡುಕುತ್ತಿದ್ದರು.

ಮೂರನೇ_ಜೀವ

ನಾನು ಗೇಮ್ ಮಾಡುವವನಲ್ಲ, ಆಡುವವನು. ನಿಮ್ಮ ಡೆಲ್ಟಾ, ಫ್ರೇಮ್ ಎಲ್ಲ ನನಗೆ ಅರ್ಥವಾಗುವುದಿಲ್ಲ. ಬೋರ್ ಆದರೆ ಬೋರ್ ಆಯ್ತು ಎನ್ನುತ್ತೇನೆ. ಅದಕ್ಕಿಂತ ಜಾಸ್ತಿ ಏನು ಬರೆಯಲಿ? ತಪ್ಪು ತಿಳ್ಕೋಬೇಡಿ, ನಿಜವಾಗಿ ಕೇಳುತ್ತಿದ್ದೇನೆ.

ಹಳೇ_ಜಾಯ್‌ಸ್ಟಿಕ್

ಮೂರನೇ ಜೀವ ಅವರೇ, ನಿಮ್ಮಂಥವರೇ ಬೇಕು. ಗೇಮ್ ಮಾಡುವವರು ಬೇರೆಯವರ ಗೇಮ್ ಆಡುವಾಗ ಅರ್ಧ ತಲೆ ‘ಇದನ್ನು ನಾನಾದರೆ ಹೇಗೆ ಮಾಡುತ್ತಿದ್ದೆ’ ಎಂಬಲ್ಲೇ ಇರುತ್ತದೆ.

ಬೋರ್ ಆಯ್ತು ಎನ್ನುವುದರ ಜತೆಗೆ ಯಾವಾಗ ಎಂದು ಸೇರಿಸಿ, ಸಾಕು. ‘ಎರಡನೇ ಬಾಸ್ ಸತ್ತ ಮೇಲೆ ಅದೇ ಕೋಣೆ ಮತ್ತೆ ಬಂತು, ಆಗ ಟ್ಯಾಬ್ ಮುಚ್ಚಿದೆ.’ ಮಾಡಿದವರಿಗೆ ಇದು ಚಿನ್ನ. ಯಾಕೆ ಬೋರ್ ಆಯ್ತು ಎಂದು ಕಂಡುಹಿಡಿಯುವುದು ಅವರ ಕೆಲಸ, ನಿಮ್ಮದಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಪ್ಲಾಟ್‌ಫಾರ್ಮರ್‌ಗಳಿಗೆ ಸದಾ ಬರುವ ಕಮೆಂಟ್: ‘ಜಂಪ್ ಬಟನ್ ಸರಿಯಾಗಿ ಕೆಲಸ ಮಾಡಲ್ಲ.’ ಮಾಡಿದವರು ಕೋಡ್ ತೆಗೆದು ನೋಡುತ್ತಾರೆ. ಬಟನ್ ಚೆನ್ನಾಗಿಯೇ ಇದೆ. ‘ಆಡೋಕೆ ಬರಲ್ಲ ಇವರಿಗೆ’ ಎಂದು ಕೈತೊಳೆದುಕೊಳ್ಳುತ್ತಾರೆ. ನಿಜವಾಗಿ ಆದದ್ದೇನು? ಆಡುವವರು ಕಟ್ಟೆಯ ತುದಿ ದಾಟಿದ ಒಂದೆರಡು ಫ್ರೇಮ್ ಆದಮೇಲೆ ಒತ್ತಿದ್ದಾರೆ. ಲೆಕ್ಕದ ಪ್ರಕಾರ ಕಾಲು ಗಾಳಿಯಲ್ಲಿದೆ, ಅವರ ಕಣ್ಣಿಗೆ ಮಾತ್ರ ಇನ್ನೂ ಕಟ್ಟೆಯ ಮೇಲಿದೆ. ಅದಕ್ಕೇ ಕಯೋಟಿ ಟೈಮ್ ಅಂತ ಒಂದು ರಿಯಾಯಿತಿ ಇಡುತ್ತಾರೆ. ‘ಸೆಲೆಸ್ಟ್’ ಎಂಬ ಪ್ಲಾಟ್‌ಫಾರ್ಮರ್‌ನಲ್ಲಿ ಅದು 0.1 ಸೆಕೆಂಡ್, ಅಂದರೆ 60 ಹರ್ಟ್ಜ್‌ನಲ್ಲಿ 6 ಫ್ರೇಮ್. ಅಷ್ಟೇ! ಅಷ್ಟು ಕೊಟ್ಟರೆ ‘ಬಟನ್ ಸರಿಯಿಲ್ಲ’ ಎನ್ನುವ ದೂರು ಮಾಯ.

ದೂರಿನ ಕಾರಣ ತಪ್ಪು, ದೂರು ಸರಿ. ಕೋಡಿಗ ಅವರ ಮೂವರದ್ದೂ ಇದೇ ಕಥೆ.

ಹೊಸಬಳು_ಒಬ್ಬಳು

ನನ್ನದು ಹೋದ ತಿಂಗಳು ಮೊದಲ ಜಾಮ್. ಸ್ವಲ್ಪ ಬೇರೆ ಅನುಭವ ಹೇಳಲೇ?

9 ರೇಟಿಂಗ್ ಬಂತು. ಎಂಟು ಜನ ‘ನೈಸ್ ಗೇಮ್, ನನ್ನದೂ ಆಡಿ’ ಎಂದು ತಮ್ಮ ಲಿಂಕ್ ಹಾಕಿ ಹೋದರು. ಅದರಲ್ಲಿ ಇಬ್ಬರು ನನ್ನದನ್ನು ತೆರೆದೇ ಇರಲಿಲ್ಲ ಅನಿಸುತ್ತದೆ. ಪಝಲ್ ಗೇಮ್‌ಗೆ ‘ಶೂಟಿಂಗ್ ಮಸ್ತ್ ಆಗಿದೆ’ ಅಂದರೆ ಏನರ್ಥ? ಒಂಬತ್ತನೆಯವರು ಮಾತ್ರ ಕೂತು ಆಡಿದ್ದರು. 14 ತಪ್ಪು ಬರೆದಿದ್ದರು. ಫಾಂಟ್ ಚಿಕ್ಕದು, ಮೆನುವಿಗೆ ವಾಪಸ್ ಹೋಗಲು ದಾರಿಯಿಲ್ಲ, ಬಣ್ಣ ಹೊಂದುತ್ತಿಲ್ಲ, ಹೆಸರು ಚೆನ್ನಾಗಿಲ್ಲ... ಎಲ್ಲವೂ ನಿಜವೇ. ಆದರೆ ಓದಿದ ಮೇಲೆ ಒಂದು ವಾರ ಎಂಜಿನ್ ತೆರೆಯಲಿಲ್ಲ. ಎರಡು ರಾತ್ರಿ ನಿದ್ದೆ ಬಿಟ್ಟು ಮಾಡಿದ್ದಕ್ಕೆ ಅವರಿಗೆ ಒಂದಾದರೂ ಇಷ್ಟವಾಗಲಿಲ್ಲವೇ?

ಇನ್ನೊಂದು ಗೊಂದಲ. ಪುಟದಲ್ಲಿ ನನ್ನ ನಿಜವಾದ ಸರಾಸರಿ 4.0 ಇತ್ತು, ರ್‍ಯಾಂಕಿಗೆ ಹಿಡಿದ ಅಂಕ 3.0. ಒಂದು ಅಂಕ ಎಲ್ಲಿ ಹೋಯಿತು?

ಚುಕ್ಕಿಚಿತ್ರ

14 ತಪ್ಪು ಬರೆದವರಿಗೆ ನನ್ನ ತಕರಾರು ಇದೆ. ಕಠಿಣವಾಗಿ ಬರೆದರು ಅಂತಲ್ಲ. 48 ಗಂಟೆಯ ಗೇಮ್‌ನಲ್ಲಿ ಮೆನು ಅರ್ಧಂಬರ್ಧ ಇರುತ್ತದೆ ಎಂದು ಮಾಡಿದವರಿಗೆ ಗೊತ್ತಿರುವುದಿಲ್ಲವೇ? ಆ ಮೆನುವನ್ನು ಬಿಟ್ಟೇ ಅವರು ಎರಡನೇ ಲೆವೆಲ್ ಮಾಡಿದ್ದು. ಅದು ತಪ್ಪಲ್ಲ, ಲೆಕ್ಕಾಚಾರ. ಬೇಕೆಂದೇ ಬಿಟ್ಟದ್ದನ್ನು ‘ಇಲ್ಲ’ ಎಂದು ತೋರಿಸಿದರೆ ಯಾರಿಗೆ ಏನು ಸಿಕ್ಕಿತು?

ಅದಕ್ಕೇ ನಾನು ಪುಟದಲ್ಲೇ ‘ಗೊತ್ತಿರುವ ಕೊರತೆಗಳು’ ಎಂದು ನಾಲ್ಕು ಸಾಲು ಬರೆದಿಡುತ್ತೇನೆ. ನನ್ನ ಹೋದ ಗೇಮ್‌ನಲ್ಲಿ ನರಿಗೆ ನಡೆಯುವ ಚಿತ್ರ ಎರಡೇ ಇದ್ದವು, ಜಾರುವ ಹಾಗೆ ಕಾಣುತ್ತಿತ್ತು. ಬರೆದಿಟ್ಟೆ. ಒಬ್ಬರೂ ಆ ಬಗ್ಗೆ ಸೊಲ್ಲೆತ್ತಲಿಲ್ಲ.

ಬಗ್‌ಬೇಟೆ

ಚುಕ್ಕಿಚಿತ್ರ ಅವರೇ, ಅರ್ಧ ಒಪ್ಪುತ್ತೇನೆ. ಕೊರತೆ ಹತ್ತು ಇದೆ ಎಂದು ಗೊತ್ತಿರುತ್ತದೆ, ಸರಿ. ಆದರೆ ಆ ಹತ್ತರಲ್ಲಿ ಆಡುವವರಿಗೆ ಚುಚ್ಚಿದ್ದು ಯಾವುದು ಎನ್ನುವುದು ಮಾಡಿದವರಿಗೆ ಗೊತ್ತಿರುವುದಿಲ್ಲ. ನಿಮ್ಮ ನರಿ ಜಾರುವುದರಿಂದ ಯಾರಿಗಾದರೂ ಎಲ್ಲಿ ನಿಲ್ಲುತ್ತದೆ ಎಂದು ಅಂದಾಜು ಸಿಗದೆ ಹಳ್ಳಕ್ಕೆ ಬಿದ್ದಿದ್ದರೆ? ನೀವು ಮೊದಲೇ ಬರೆದಿಟ್ಟು ಅವರ ಬಾಯಿ ಮುಚ್ಚಿಸಿಬಿಟ್ಟಿರಿ.

ಚುಕ್ಕಿಚಿತ್ರ

...ಇಬ್ಬರು ‘ಕಾಲು ನಿಲ್ಲಲ್ಲ’ ಎಂದು ಬರೆದಿದ್ದರು. ನಾನು ಘರ್ಷಣೆಯ ಲೆಕ್ಕ ತಿದ್ದುತ್ತಾ ಕೂತಿದ್ದೆ. ಥೂ.

ಹಳೇ_ಜಾಯ್‌ಸ್ಟಿಕ್

ಹೊಸಬಳು ಅವರೇ, ನಿಮ್ಮ ಒಂದು ಅಂಕ ಎಲ್ಲೂ ಹೋಗಿಲ್ಲ. ಇಚ್ ಐಓ ಎಂಬ ಗೇಮ್ ಸೈಟ್‌ನಲ್ಲಿ ಜಾಮ್‌ಗೆ ಬಂದ ಗೇಮ್‌ಗಳ ರೇಟಿಂಗ್ ಸಂಖ್ಯೆಗಳನ್ನು ಸಾಲಾಗಿ ಇಟ್ಟು ನಡುವಿನ ಸಂಖ್ಯೆ ಹಿಡಿಯುತ್ತಾರೆ. ಅದಕ್ಕಿಂತ ಕಡಿಮೆ ಜನ ರೇಟ್ ಮಾಡಿದ್ದರೆ ನಿಮ್ಮ ಅಂಕ ಇಳಿಯುತ್ತದೆ. ನಿಮ್ಮ ಸಂಖ್ಯೆಯನ್ನು ನಡುವಿನ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆದು, ಸರಾಸರಿಯನ್ನು ಅದರಿಂದ ಗುಣಿಸುತ್ತಾರೆ. ನಿಮಗೆ 9 ಬಂದಿವೆ. 4.0 ಹೋಗಿ 3.0 ಆಗಿದೆ ಅಂದರೆ ಆ ಜಾಮ್‌ನ ನಡುವಿನ ಸಂಖ್ಯೆ 16 ಇದ್ದಿರಬೇಕು. 16ರಲ್ಲಿ 9, ವರ್ಗಮೂಲ 0.75, ನಾಲ್ಕರ ಮುಕ್ಕಾಲು ಮೂರು. ಇಬ್ಬರೇ ಗೆಳೆಯರಿಂದ ಐದೈದು ಹಾಕಿಸಿಕೊಂಡು ಯಾರೂ ಮೇಲೆ ಬರಬಾರದು ಎಂದು ಈ ಲೆಕ್ಕ. ನಿಮ್ಮ ಗೇಮ್ ಕೆಟ್ಟದ್ದು ಎಂದಲ್ಲ, ಕಂಡವರು ಕಮ್ಮಿ ಎಂದಷ್ಟೇ.

2002ರಿಂದ ನಡೆಯುತ್ತಿರುವ ಲುಡಮ್ ಡೇರ್‌ನಲ್ಲಿ ಇನ್ನೊಂದು ಬಗೆ. ಅಲ್ಲಿ ಸುಮಾರು 20 ರೇಟಿಂಗ್ ಸಿಗದಿದ್ದರೆ ಅಂಕವೇ ಇಲ್ಲ. ಸಿಗಬೇಕಾದರೆ ನೀವೂ ಬೇರೆಯವರದ್ದನ್ನು ಆಡಿ ರೇಟ್ ಮಾಡುತ್ತಾ ಇರಬೇಕು. ಮಜಾ, ಗ್ರಾಫಿಕ್ಸ್, ಸದ್ದು, ಹಾಸ್ಯ, ಹೊಸತನ ಅಂತೆಲ್ಲ ಬೇರೆ ಬೇರೆ ಅಂಕ ಕೊಡುತ್ತಾರೆ. ನನಗೆ ಅದು ಇಷ್ಟ. ಒಟ್ಟು ಅಂಕ ಕಮ್ಮಿ ಬಂದರೂ ಹಾಸ್ಯದಲ್ಲಿ ಮೇಲಿದ್ದರೆ ನಿಮ್ಮ ಕೈ ಎತ್ತ ಓಡುತ್ತದೆ ಎಂದು ತಿಳಿಯುತ್ತದೆ.

‘ನನ್ನದೂ ಆಡಿ’ ಗುಂಪಿನ ಹುಟ್ಟು ಕೂಡ ಇಲ್ಲೇ. ಲಿಂಕ್ ಹಾಕುವುದು ತಪ್ಪಲ್ಲ ಬಿಡಿ, ಎಲ್ಲರಿಗೂ ರೇಟಿಂಗ್ ಬೇಕು. ಆಡದೆ ಹಾಕುವುದು ತಪ್ಪು. ಆಡಿದ್ದೀರಿ ಎಂದು ತೋರಿಸಲು ಒಂದು ವಿವರ ಸಾಕು.

ಹೊಸಬಳು_ಒಬ್ಬಳು

ಓಹ್, ಹೀಗಾ! ನಾನು ಯಾರೋ ಬೇಕಂತಲೇ ಒಂದು ಹಾಕಿದ್ದಾರೆ ಎಂದುಕೊಂಡು ಆ 14 ತಪ್ಪಿನವರ ಮೇಲೆ ಗುಮಾನಿ ಪಟ್ಟಿದ್ದೆ. ಥ್ಯಾಂಕ್ಸ್ ಸರ್.

ಹಳೇ_ಜಾಯ್‌ಸ್ಟಿಕ್

ಸರ್ ಅಲ್ಲ, ಅಕ್ಕ 🙂

ಸದ್ದು_ಗದ್ದಲ

ಎಲ್ಲರೂ ಬಗ್, ಜಂಪ್ ಬಗ್ಗೆ ಮಾತಾಡುತ್ತೀರಿ. ಸದ್ದು ಮಾಡುವ ನಮ್ಮ ಗೋಳು ಕೇಳುವವರೇ ಇಲ್ಲ. ಸಂಗೀತ ಹೊಂದಿಕೊಂಡರೆ ಯಾರಿಗೂ ಕೇಳಿಸುವುದಿಲ್ಲ, ಹೊಂದದಿದ್ದರೆ ಮ್ಯೂಟ್ ಮಾಡುತ್ತಾರೆ. ಎರಡರಲ್ಲೂ ಕಮೆಂಟ್ ಸೊನ್ನೆ.

ಒಂದು ಗೇಮ್‌ನಲ್ಲಿ ‘ಸೌಂಡ್ ಹಾಕೋಕೆ ಟೈಮ್ ಸಿಗ್ಲಿಲ್ವಾ?’ ಎಂದು ಮೂರು ಜನ ಕೇಳಿದ್ದರು. 20 ಗಂಟೆ ಕೂತು ಮಾಡಿದ್ದೆ ಗುರು! ಆದದ್ದೇನೆಂದರೆ, ಪುಟದ ಮೇಲೆ ಒಂದು ಕ್ಲಿಕ್ಕೋ ಕೀಲಿಯೋ ಬೀಳುವವರೆಗೆ ಬ್ರೌಸರ್ ಸದ್ದು ಬಿಡುವುದಿಲ್ಲ. ನಮ್ಮ ಗೇಮ್ ಪುಟ ತೆರೆದ ಕೂಡಲೇ ತಾನೇ ಶುರುವಾಗುತ್ತಿತ್ತು, ಸದ್ದಿನ ಎಂಜಿನ್ ಅಲ್ಲೇ ಮಲಗಿಬಿಡುತ್ತಿತ್ತು. ಮುಂದಿನ ಸಲದಿಂದ ಎಲ್ಲದಕ್ಕೂ ‘ಶುರು ಮಾಡಲು ಒತ್ತಿ’ ಎಂಬ ಒಂದು ಪರದೆ ಹಾಕುತ್ತಿದ್ದೇವೆ.

ಈಗ ನಾನು ಇನ್ನೊಂದು ಉಪಾಯ ಮಾಡಿದ್ದೇನೆ. ‘ಹೇಗಿದೆ?’ ಎಂದು ಕೇಳುವುದೇ ಇಲ್ಲ. ಅದಕ್ಕೆ ‘ಚೆನ್ನಾಗಿದೆ’ ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಒಂದೇ ಒಂದು ಸಣ್ಣ ಪ್ರಶ್ನೆ ಇಡುತ್ತೇನೆ. ಹೋದ ಸಲ ಬರೆದದ್ದು: ‘ಮೂರನೇ ಕೋಣೆಯಲ್ಲಿ ಹಿಂದಿನಿಂದ ಹೆಜ್ಜೆ ಸದ್ದು ಬಂದಾಗ ನೀವು ತಿರುಗಿ ನೋಡಿದಿರಾ?’ 11 ಜನ ಉತ್ತರ ಕೊಟ್ಟರು. ಏಳು ಜನ ತಿರುಗಿದ್ದರು. ಮೂವರಿಗೆ ಸದ್ದೇ ಕೇಳಿಸಿರಲಿಲ್ಲ, ಮಳೆ ಸದ್ದಿನಲ್ಲಿ ಮುಳುಗಿತ್ತು. ಒಬ್ಬರು ಮಾತ್ರ ಅದು ತಮ್ಮ ಮನೆಯಲ್ಲೇ ಬಂದ ಸದ್ದು ಎಂದುಕೊಂಡು ಎದ್ದು ಹೋಗಿ ಬಾಗಿಲು ನೋಡಿ ಬಂದರಂತೆ. ಜೀವನ ಸಾರ್ಥಕ.

ಒಂದೇ_ಲೆವೆಲ್

ನನಗೆ ಈ ಇಡೀ ಚರ್ಚೆಯೇ ಅತಿಯಾಯಿತು ಅನಿಸುತ್ತದೆ. ನಾನು ಸುಮ್ನೆ ಖುಷಿಗೆ ಮಾಡುತ್ತೇನೆ. ಜಾಮ್ ಮುಗಿದ ಮೇಲೆ ಆ ಗೇಮ್ ಮುಟ್ಟುವುದೇ ಇಲ್ಲ. ಅದಕ್ಕೆ ‘ಇಪ್ಪತ್ತು ಲೆವೆಲ್ ಹಾಕಿ, ಮೊಬೈಲ್‌ಗೆ ತನ್ನಿ’ ಎಂದರೆ ಏನು ಮಾಡಲಿ? ಯಾವ ಫೀಡ್‌ಬ್ಯಾಕೂ ಬೇಡ ಎನ್ನುವ ಹಕ್ಕೂ ಇದೆ ಅಲ್ವಾ?

ನಿದ್ದೆಗೆಟ್ಟ_ಕೋಡಿಗ

ಖಂಡಿತ ಇದೆ. ಆದರೆ ಅದನ್ನು ಪುಟದಲ್ಲಿ ಒಂದು ಸಾಲು ಬರೆದುಬಿಡಿ. ಇಲ್ಲದಿದ್ದರೆ ಯಾರೋ ಅರ್ಧ ಗಂಟೆ ಕೂತು ಬರೆದದ್ದು ಗಾಳಿಗೆ ಹೋಗುತ್ತದೆ.

ಬಗ್‌ಬೇಟೆ

ಇಪ್ಪತ್ತು ಲೆವೆಲ್ ಸಲಹೆ ನನಗೂ ಆಗುವುದಿಲ್ಲ. ಆದರೂ ಅದರ ಹಿಂದೆ ಒಂದು ಹೊಗಳಿಕೆ ಇರುತ್ತದೆ ನೋಡಿ: ಮುಗಿದಾಗ ಇನ್ನೂ ಆಡಬೇಕು ಅನಿಸಿತು ಎಂದು.

ಜಾಮ್ ಮುಗಿದ ಮೇಲೂ ತಮ್ಮ ಗೇಮ್ ಮುಟ್ಟಿ ಬೆಳೆಸಿದವರೂ ಇದ್ದಾರೆ. ‘ಬಾಬಾ ಈಸ್ ಯು’ 2017ರ ನಾರ್ಡಿಕ್ ಗೇಮ್ ಜಾಮ್‌ನಲ್ಲಿ ಹುಟ್ಟಿತು, ಪೂರ್ತಿ ಗೇಮ್ ಬಂದದ್ದು 2019ರಲ್ಲಿ. ‘ಸೆಲೆಸ್ಟ್’ ಮೊದಲು ಪಿಕೋ-8ರಲ್ಲಿ (ಪುಟಾಣಿ ಗೇಮ್ ಮಾಡುವ ಸಾಫ್ಟ್‌ವೇರ್) ನಾಲ್ಕು ದಿನಕ್ಕೆ ಮಾಡಿದ್ದು, ದೊಡ್ಡದು 2018ರಲ್ಲಿ ಬಂತು. ‘ಇನ್‌ಸ್ಕ್ರಿಪ್ಶನ್’ನ ಬೀಜ 2018ರ ಒಂದು ಲುಡಮ್ ಡೇರ್ ಗೇಮ್. ಈಗ ಹೋಗಿ ಆ ಮೊದಲ ಪುಟಾಣಿ ಆವೃತ್ತಿಗಳನ್ನು ಆಡಿ ನೋಡಿ. ಗ್ರಾಫಿಕ್ಸ್ ಸರಳ, ದೊಡ್ಡ ಗೇಮ್‌ನಷ್ಟು ಲೆವೆಲ್ ಇಲ್ಲ. ಆದರೆ ‘ಬಾಬಾ’ದಲ್ಲಿ ಪದಗಳನ್ನು ತಳ್ಳಿ ಆಟದ ನಿಯಮವನ್ನೇ ಬದಲಿಸುವುದು ಆಗಲೇ ಇತ್ತು. ಅದಕ್ಕೇ ನಾನು ಕಮೆಂಟ್‌ನಲ್ಲಿ ಒಂದು ಸಾಲು ‘ಇದನ್ನು ಮಾತ್ರ ಬಿಡಬೇಡಿ’ ಎಂದು ಬರೆಯುತ್ತೇನೆ. ತಪ್ಪು ತೋರಿಸಲು ಹತ್ತು ಜನ ಸಿಗುತ್ತಾರೆ. ಯಾವುದು ಚೆನ್ನಾಗಿದೆ ಎಂದು ಬೆರಳಿಟ್ಟು ಹೇಳುವವರು ಕಮ್ಮಿ. ಹೊಸಬಳು ಅವರ 14ರ ಪಟ್ಟಿಯಲ್ಲಿ ಇಲ್ಲದ್ದು ಅದೇ.

ಹೊಸಬಳು_ಒಬ್ಬಳು

ನಿಜ. ಈಗ ಆ ಕಮೆಂಟ್ ಮತ್ತೆ ತೆಗೆದು ಓದಿದೆ. ಕೊನೆಯಲ್ಲಿ ‘ಕನ್ನಡಿ ತಿರುಗಿಸುವ ಕೋಣೆಯಲ್ಲಿ 20 ನಿಮಿಷ ಕೂತಿದ್ದೆ’ ಎಂದಿದೆ. ಆವತ್ತು ಅದನ್ನೂ ದೂರು ಎಂದೇ ಓದಿದ್ದೆ. ದೂರೋ ಹೊಗಳಿಕೆಯೋ ಈಗಲೂ ಗೊತ್ತಾಗುತ್ತಿಲ್ಲ.

ಚುಕ್ಕಿಚಿತ್ರ

ಕೇಳಿಬಿಡಿ. ‘ಆ 20 ನಿಮಿಷ ಹೇಗಿತ್ತು?’ ಎಂದು, ಅಷ್ಟೇ. ‘ಅದು ಬೇಕಂತಲೇ ಕಷ್ಟ ಮಾಡಿದ್ದು’ ಎಂದು ಮಾತ್ರ ಶುರು ಮಾಡಬೇಡಿ. ಹಾಗೆಂದ ಕೂಡಲೇ ಆ ಕಡೆಯವರು ಬಾಯಿ ಮುಚ್ಚಿಕೊಳ್ಳುತ್ತಾರೆ.

ನಾನು ಈಗ ಮೊದಲ ದಿನ ಯಾವುದಕ್ಕೂ ಉತ್ತರ ಬರೆಯುವುದಿಲ್ಲ. ನಿದ್ದೆ ಮಾಡಿ ಎದ್ದ ಮೇಲೆ ಅದೇ ಕಮೆಂಟ್ ಬೇರೆ ಥರ ಕಾಣುತ್ತದೆ. 48 ಗಂಟೆ ಎಚ್ಚರವಿದ್ದವರಿಗೆ ‘ಪರವಾಗಿಲ್ಲ’ ಅಂದರೂ ಬೈದ ಹಾಗೆ ಕೇಳಿಸುತ್ತದೆ.

ಹಳೇ_ಜಾಯ್‌ಸ್ಟಿಕ್

ಕಮೆಂಟ್ ಓದುವುದಕ್ಕಿಂತ ಪಕ್ಕದಲ್ಲಿ ನಿಂತು ನೋಡುವುದು ಹತ್ತು ಪಟ್ಟು ಮೇಲು. 2009ರಿಂದ ನಡೆಯುತ್ತಿರುವ ಗ್ಲೋಬಲ್ ಗೇಮ್ ಜಾಮ್ ನನಗೆ ಅದಕ್ಕೇ ಹಿಡಿಸಿದ್ದು. ಜಾಗತಿಕ ರ್‍ಯಾಂಕ್ ಇಲ್ಲ. ಕೊನೆಯ ಸಂಜೆ ಒಂದೇ ಸೂರಿನಡಿ ಒಬ್ಬರದ್ದನ್ನು ಒಬ್ಬರು ಆಡುತ್ತಾರೆ.

ನಮ್ಮ ತಂಡದ ಗೇಮ್‌ನಲ್ಲಿ ಗೋಡೆಯ ಮೇಲೆ ಒಂದು ಬಿರುಕು ಇತ್ತು. ಬರೀ ಅಲಂಕಾರಕ್ಕೆ ಬಿಡಿಸಿದ್ದು. ಮೊದಲು ಕೂತ ಹುಡುಗ ನಾಲ್ಕು ನಿಮಿಷ ಆ ಬಿರುಕಿಗೆ ಸುತ್ತಿಗೆಯಿಂದ ಹೊಡೆದ. ನನ್ನ ನಾಲಿಗೆ ತುದಿಯಲ್ಲಿ ‘ಅದಲ್ಲಪ್ಪ, ಬಲಗಡೆ’ ಎಂಬ ಮಾತು ಕುಣಿಯುತ್ತಿತ್ತು. ಗೆಳತಿ ಕಾಲು ತುಳಿದು ಸುಮ್ಮನಿರಿಸಿದಳು. ಎರಡನೆಯವರೂ ಅದಕ್ಕೇ ಹೊಡೆದರು. ಐವರಲ್ಲಿ ನಾಲ್ವರು. ಆಡಿ ಎದ್ದ ಮೇಲೆ ಹೇಗಿತ್ತು ಎಂದು ಕೇಳಿದರೆ ನಾಲ್ವರೂ ‘ಸೂಪರ್’ ಎಂದರು! ಬಿರುಕಿನ ಬಗ್ಗೆ ಒಬ್ಬರೂ ಹೇಳಲಿಲ್ಲ. ಅದು ತಮ್ಮದೇ ದಡ್ಡತನ ಎಂದುಕೊಂಡಿದ್ದರು.

ಹಾಗಾಗಿ ಮೂರನೇ ಜೀವ ಅವರೇ, ನೀವು ಪೆದ್ದರಾದಿರಿ ಅನಿಸಿದ ಜಾಗ ಇದ್ದರೆ ನಾಚಿಕೊಳ್ಳದೆ ಮೊದಲು ಅದನ್ನೇ ಬರೆಯಿರಿ.

ಒಂದೇ_ಲೆವೆಲ್

ಬಿರುಕನ್ನು ಆಮೇಲೆ ಏನು ಮಾಡಿದಿರಿ?

ಹಳೇ_ಜಾಯ್‌ಸ್ಟಿಕ್

ಹಿಂದೆ ಒಂದು ಗುಪ್ತ ಕೋಣೆ ಮಾಡಿ, ಒಳಗೊಂದು ಬೆಕ್ಕು ಕೂರಿಸಿದೆವು. ಅಳಿಸುವುದಕ್ಕಿಂತ ಅದೇ ಸುಲಭವಾಗಿತ್ತು.

ನಿದ್ದೆಗೆಟ್ಟ_ಕೋಡಿಗ

ಅಪ್‌ಡೇಟ್: ವೋಟಿಂಗ್ ನಡೆಯುವಾಗ ಫೈಲ್ ಬದಲಿಸಲು ಆ ಜಾಮ್‌ನಲ್ಲಿ ಬಿಡುತ್ತಿರಲಿಲ್ಲ. ನಿನ್ನೆ ಮುಗಿಯಿತು, ರಾತ್ರಿ ಹೊಸ ಆವೃತ್ತಿ ಹಾಕಿದೆ. ಬತ್ತಿ ಈಗ ಫ್ರೇಮ್ ಅಲ್ಲ, ಸೆಕೆಂಡ್ ಲೆಕ್ಕದಲ್ಲಿ ಕರಗುತ್ತದೆ. ಬದಲಾದದ್ದು ಒಂದೇ ಸಾಲು. ದೀಪಗಳು ಇದ್ದಲ್ಲೇ ಇವೆ.

ಆ ಮೂವರಿಗೂ ಕ್ಷಮೆ ಕೇಳಿ ಬರೆದೆ. ಒಬ್ಬರು ಮಾತ್ರ ಉತ್ತರಿಸಿದರು: ‘ಅಯ್ಯೋ, ನನಗೇ ಆಡಲು ಬರಲ್ಲ ಅಂದುಕೊಂಡಿದ್ದೆ.’ ಅಕ್ಕ ಹೇಳಿದ ಬಿರುಕಿನ ಕಥೆಯೇ.

ಇಲ್ಲಿ ಯಾರ ಹತ್ತಿರವಾದರೂ 144 ಹರ್ಟ್ಜ್ ಸ್ಕ್ರೀನ್ ಇದ್ದರೆ ದಯವಿಟ್ಟು ಒಮ್ಮೆ ನೋಡುತ್ತೀರಾ?

ಮೂರನೇ_ಜೀವ

ನನ್ನ ಹತ್ತಿರ ಇದೆ. ಈಗಷ್ಟೇ ಆಡಿದೆ. ನೀವೆಲ್ಲ ಹೇಳಿದ ಹಾಗೆ ಬರೆಯಲು ಪ್ರಯತ್ನಿಸುತ್ತೇನೆ.

144 ಹರ್ಟ್ಜ್, ಫೈರ್‌ಫಾಕ್ಸ್, ಕೀಬೋರ್ಡ್. 25 ನಿಮಿಷ ಆಡಿದೆ. ಬತ್ತಿ 24 ಸೆಕೆಂಡ್ ಉರಿಯಿತು, ಫೋನ್‌ನಲ್ಲಿ ಎಣಿಸಿದೆ. ಎರಡನೇ ದೀಪ ಮೂರನೇ ಸಲಕ್ಕೆ ಸಿಕ್ಕಿತು. ಹತ್ತಿಕೊಂಡಾಗ ಗೋಡೆಯ ಮೇಲೆ ನೆರಳು ದೊಡ್ಡದಾಗುತ್ತದಲ್ಲ, ಅಲ್ಲಿ ಸುಮ್ನೆ ನಿಂತು ನೋಡಿದೆ. ಇದನ್ನು ಮಾತ್ರ ಬಿಡಬೇಡಿ.

ನಾಲ್ಕನೇ ದೀಪದ ಹತ್ತಿರ ಪೆದ್ದನಾದೆ. ಎಡಕ್ಕೆ ಹೋಗುತ್ತಾ ಮೂಲೆಯಲ್ಲಿ ಹಾರಿದರೆ ಗೋಡೆಯೊಳಗೆ ಅರ್ಧ ಹೊಕ್ಕು ನಿಂತುಬಿಡುತ್ತಾನೆ. ಬಲಕ್ಕೂ ಬರುವುದಿಲ್ಲ, ಕೆಳಕ್ಕೂ ಬೀಳುವುದಿಲ್ಲ. ಬತ್ತಿ ಆರುವವರೆಗೆ ಕಾಯಬೇಕು. ಮೂರು ಸಲ ಮಾಡಿದೆ, ಮೂರೂ ಸಲ ಹಾಗೇ ಆಯಿತು. ಬಲಗಡೆ ಮೂಲೆಯಲ್ಲಿ ಆಗಲಿಲ್ಲ.

ನಿದ್ದೆಗೆಟ್ಟ_ಕೋಡಿಗ

ಎಡಗಡೆ ಮಾತ್ರವಾ? ಒಂದ್ನಿಮಿಷ ಇರಿ, ಎಂಜಿನ್ ತೆರೆಯುತ್ತಿದ್ದೇನೆ.